ಪರೇಲಿನ ಶಟರು, ಘಾಟ್‌ಕೋಪರಿನ ಗಾಂಧಿ

ಶುಕ್ರವಾರ

ಗಾಂಧೀಜಿಯನ್ನು ನಾನು ವರ್ಷಕ್ಕೊಂದು ಸಲ ಬಿಡಿಸುತ್ತೇನೆ. ಅಕ್ಟೋಬರ್ 1ರ ಸಂಜೆ, ಶಾಲೆಯ ಕರಿಹಲಗೆಯ ಮೇಲೆ, ಬಣ್ಣದ ಚಾಕ್‌ಪೀಸಿನಲ್ಲಿ. ಒಂದು ಬೋಳು ತಲೆ, ಎರಡು ಸೊನ್ನೆ, ಸೊನ್ನೆಗಳನ್ನು ಸೇರಿಸಲು ಒಂದು ಗೆರೆ, ಕೆಳಗೊಂದು ಮೀಸೆ. ಐದು ನಿಮಿಷದ ಕೆಲಸ. ಇಪ್ಪತ್ತಾರು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದ ಮೇಲೆ ಕೈ ತನ್ನಷ್ಟಕ್ಕೆ ಓಡುತ್ತದೆ. ಮಾರನೇ ದಿನ ಹಾರ, ಭಾಷಣ, ಮಿಠಾಯಿ. ಅದರ ಮಾರನೇ ದಿನ ಗಣಿತದ ಮೇಷ್ಟ್ರು ಗಾಂಧಿಯನ್ನು ಒರೆಸಿ ಬೀಜಗಣಿತ ಶುರು ಮಾಡುತ್ತಾರೆ.

ಈ ಸಲ ಯಾರೋ ಆ ಚಿತ್ರದ ಫೋಟೋವನ್ನು ಹಳೇ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಹಾಕಿದರು. ರಾತ್ರಿ ಒಬ್ಬಳು ಹುಡುಗಿ ಫೋನ್ ಮಾಡಿದಳು. ನನ್ನ ಹತ್ತಿರ ಮೂರು ವರ್ಷ ಚಿತ್ರ ಕಲಿತವಳು. ಮುಂದೆ ಮುಂಬೈಯಲ್ಲಿ ಓದಿ, ಈಗ ಅಲ್ಲೇ ಒಂದು ಗ್ಯಾಲರಿಯಲ್ಲಿ ಕೆಲಸಕ್ಕಿದ್ದಾಳೆ.

"ಸರ್, ಬೇಜಾರು ಮಾಡ್ಕೋಬೇಡಿ. ನಾನು ಎಂಟನೇ ಕ್ಲಾಸಲ್ಲಿದ್ದಾಗಲೂ ಇದೇ ಗಾಂಧಿ ಇತ್ತಲ್ವಾ?"

ಬೇಜಾರಾಯಿತು. ಆದರೆ ಮಾತು ಸುಳ್ಳಲ್ಲ.

"ಒಂದ್ಸಲ ಬನ್ನಿ ಸರ್. ಚಿತ್ರಗಾರ ಅತುಲ್ ಡೋಡಿಯಾ ಅವರ ಗಾಂಧಿ ತೋರಿಸ್ತೇನೆ."

ದಸರಾ ರಜೆ ಇತ್ತು. ಪರೇಲಿನಲ್ಲಿ ಮಾವನ ಹೋಟೆಲೂ ಇತ್ತು. ಕುಂದಾಪುರದ ಮೂಡ್ಲಕಟ್ಟೆ ಸ್ಟೇಷನ್ನಿನಲ್ಲಿ ಮತ್ಸ್ಯಗಂಧ ರೈಲು ಹತ್ತಿದೆ. ಹೆಂಡತಿ ಕಟ್ಟಿಕೊಟ್ಟ ಚಪಾತಿ ಗೋಕರ್ಣ ದಾಟುವುದರೊಳಗೆ ಮುಗಿಯಿತು. ಮಾವ ಮೊದಲ ಸಲ ಮುಂಬೈಗೆ ಹೋದಾಗ ಈ ಹಳಿಯೇ ಇರಲಿಲ್ಲ. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅವರೆಲ್ಲ ಬಸ್ಸಿನಲ್ಲಿ ಮೈ ಕೈ ನುಗ್ಗಾಗಿಸಿಕೊಂಡು ಹೋದವರು. ನಾನು ಕಾರವಾರದ ಸುರಂಗಗಳಲ್ಲಿ ನಿದ್ದೆ ಹೋದವನು ಎದ್ದದ್ದು ಪನ್ವೇಲಿನಲ್ಲಿ. ರತ್ನಾಗಿರಿ ಹತ್ತಿರದ ಆ ಆರೂವರೆ ಕಿಲೋಮೀಟರ್ ಸುರಂಗವನ್ನು ಈ ಸಲವೂ ನೋಡಲಾಗಲಿಲ್ಲ. ಸುರಂಗದಲ್ಲಿ ನೋಡುವುದಕ್ಕೆ ಎಂತ ಇರುತ್ತದೆ, ಅದು ಬೇರೆ ಮಾತು.

ಶನಿವಾರ

ಕುರ್ಲಾದಲ್ಲಿಳಿದು ಲೋಕಲ್ ಹಿಡಿದು ಪರೇಲ್. ಅಲ್ಲಿಂದ ಲಾಲ್‌ಬಾಗ್ ಕಡೆಗೆ ನಡೆದರೆ ಒಂದು ಅಡ್ಡರಸ್ತೆಯಲ್ಲಿ ಮಾವನ ಹೋಟೆಲು. ಹನ್ನೊಂದು ಮೇಜು. ಗಲ್ಲಾದ ಹಿಂದೆ ಲಕ್ಷ್ಮಿಯ ಫೋಟೋ, ಅದಕ್ಕೊಂದು ಕೆಂಪು ಬಲ್ಬು, ದಿನಾ ಹೊಸ ಮಲ್ಲಿಗೆ. ಮಾವ ಗಲ್ಲಾ ಬಿಟ್ಟು ಎದ್ದು ಬಂದರು. ಅದೇ ದೊಡ್ಡ ಮರ್ಯಾದೆ. ಗಿರಾಕಿ ಇರುವಾಗ ಅವರು ಏಳುವುದಿಲ್ಲ.

"ಹ್ವಾಯ್, ಬಂದ್ಯಾ ಮಾಣಿ? ಅಕ್ಕ ಹ್ಯಾಂಗಿತ್ತ್?"

ನನಗೆ ಐವತ್ತಮೂರು. ಮುಂಬೈಯಲ್ಲಿ ಮಾತ್ರ ಇನ್ನೂ ಮಾಣಿ.

ಕೈಕಾಲು ತೊಳೆದು ಬರುವಷ್ಟರಲ್ಲಿ ಇಡ್ಲಿ, ವಡೆ, ಜೊತೆಗೆ ಒಂದು ಬಟ್ಟಲು ಉಸಳ್. ಬಂದ ಕಾರಣ ಹೇಳಿದೆ. ಮಾವ ಚಿಲ್ಲರೆ ಎಣಿಸುತ್ತಲೇ ಕೇಳಿದರು, "ಚಿತ್ರ ಕಾಂಬುಕೆ ಅಷ್ಟ್ ದೂರದಿಂದ ಬಂದ್ಯಾ? ಫೋನಲ್ ಕಾಣುದಿಲ್ಯಾ?"

ಈ ಹೋಟೆಲಿಗೂ ನನಗೂ ಚಿತ್ರದ ಒಂದು ಲೆಕ್ಕ ಇದೆ. 1991ರಲ್ಲಿ ಪಿಯುಸಿ ಪರೀಕ್ಷೆ ಬರೆದು ಬೇಸಿಗೆಗೆ ಬಂದಿದ್ದೆ. ಮಾವ ಆಗಷ್ಟೇ ಹೋಟೆಲಿನಲ್ಲಿ ಪಾಲುದಾರರಾಗಿದ್ದರು. ಎರಡು ಡಬ್ಬ ಎನಾಮೆಲ್ ಪೇಂಟ್ ತಂದುಕೊಟ್ಟು, "ಶಟರಿನ ಮೇಲೆ ಎಂತಾರೂ ಬರಿ" ಅಂದರು. ಹೋಟೆಲ್ ಹೆಸರು ಬರೆದೆ. ಪಕ್ಕದಲ್ಲಿ ಹೊಗೆಯಾಡುವ ಒಂದು ಕಾಫಿ ಲೋಟ. ಶಟರಿನ ಮೇಲೆ ಬಿಡಿಸುವುದು ಗೋಡೆಯ ಮೇಲೆ ಬಿಡಿಸಿದ ಹಾಗಲ್ಲ. ಪಟ್ಟಿ ಪಟ್ಟಿಯಾಗಿ ಉಬ್ಬು ತಗ್ಗು ಇರುತ್ತದೆ. ಗೆರೆ ಎಳೆದರೆ ಪ್ರತಿ ಎರಡು ಮೂರು ಇಂಚಿಗೆ ಕುಂಚ ಎಡವುತ್ತದೆ. ಎದುರಿಂದ ನೋಡಿದರೆ ಸರಿ, ಪಕ್ಕದಿಂದ ನೋಡಿದರೆ ಲೋಟ ಸೊಟ್ಟ. ಹಗಲು ಶಟರು ಮೇಲಿರುತ್ತದೆ, ಅಂದರೆ ಚಿತ್ರ ಕಾಣುವುದೇ ಇಲ್ಲ. ಅದನ್ನು ನೋಡಿದವರು ರಾತ್ರಿ ಪಾಳಿಯವರು, ನಾಯಿಗಳು. ಈಗ ಅದರ ಮೇಲೆ ಯಾವುದೋ ಸಿಮೆಂಟಿನ ಜಾಹೀರಾತು ಕೂತಿದೆ.

ಮಧ್ಯಾಹ್ನ ಹುಡುಗಿ ಕಾಲಾ ಘೋಡಾದಲ್ಲಿ ಸಿಕ್ಕಳು. ಮೊದಲು ಕರೆದುಕೊಂಡು ಹೋದದ್ದು ಜಹಾಂಗೀರ್ ಆರ್ಟ್ ಗ್ಯಾಲರಿಗೆ. 1952ರ ಕಟ್ಟಡ. ಡ್ರಾಯಿಂಗ್ ಮಾಸ್ತರರ ಮಟ್ಟಿಗೆ ಇದೊಂದು ಯಾತ್ರಾಸ್ಥಳ. ಇಲ್ಲಿ ಚಿತ್ರ ತೂಗುಹಾಕಲು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಒಳಗೆ ನೋಡಿದ ಚಿತ್ರಗಳಲ್ಲಿ ಹೆಚ್ಚಿನವು ಕುದುರೆ, ಬುದ್ಧ, ಬನಾರಸಿನ ಘಾಟು. ಚೆನ್ನಾಗಿಲ್ಲ ಅನ್ನುವ ಹಾಗಿಲ್ಲ. ಸೋಫಾದ ಮೇಲೆ ಒಪ್ಪುತ್ತವೆ.

"ಸರ್, ಮೇಲೆ ನೋಡಿ" ಅಂದಳು. "ಮೊದಲ ಮಹಡಿಯಲ್ಲಿ ಕೆಮೋಲ್ಡ್ ಗ್ಯಾಲರಿ ಇತ್ತು. 1963ರಿಂದ. 2007ರಲ್ಲಿ ಫೋರ್ಟ್‌ನ ಪ್ರೆಸ್ಕಾಟ್ ರೋಡಿಗೆ ಹೋಯ್ತು. ಡೋಡಿಯಾ ಅವರ ಗಾಂಧಿ ಮೊದಲು ತೂಗಿದ್ದು ಅಲ್ಲೇ. 1999."

ಆ ಪ್ರದರ್ಶನಕ್ಕೆ ಅವರು ಇಟ್ಟ ಹೆಸರು ಕನ್ನಡದಲ್ಲಿ ಹೇಳಿದರೆ 'ಅಹಿಂಸೆಯ ಕಲಾವಿದ'. ನನಗೆ ಆ ಹೆಸರೇ ಸಾಕಾಯಿತು. ನಾವು ಗಾಂಧಿಯನ್ನು ಮಹಾತ್ಮ ಅಂದೆವು, ರಾಷ್ಟ್ರಪಿತ ಅಂದೆವು, ನೋಟಿನ ಮೇಲೆ ಹಾಕಿದೆವು. ಈ ಮನುಷ್ಯ ಮಾತ್ರ ಅವರನ್ನು ತನ್ನ ಕಸುಬಿನವನು ಮಾಡಿಕೊಂಡ. ಇನ್ನೊಂದು ಚಿತ್ರದಲ್ಲಿ ಬಾಪುವನ್ನು ನ್ಯೂಯಾರ್ಕಿನ ರೆನೆ ಬ್ಲಾಕ್ ಗ್ಯಾಲರಿಗೆ ಕಳಿಸಿದ್ದಾರಂತೆ. ಅಲ್ಲಿ 1974ರಲ್ಲಿ ಜೋಸೆಫ್ ಬಾಯ್ಸ್ ಎಂಬ ಜರ್ಮನ್ ಕಲಾವಿದ ಕಂಬಳಿ ಹೊದ್ದು ಒಂದು ಕಾಡುತೋಳದ ಜೊತೆ ದಿನಗಟ್ಟಲೆ ಕೂತಿದ್ದ. ಅದೇ ಅವನ ಕಲೆ. 1948ರಲ್ಲಿ ತೀರಿಕೊಂಡ ಗಾಂಧಿ ಅಲ್ಲಿಗೆ ಹೋಗುವುದು ಹೇಗೆ? ಚಿತ್ರಗಾರ ಮನಸ್ಸು ಮಾಡಿದರೆ ಟಿಕೆಟ್ ಬೇಕಿಲ್ಲ ಅಲ್ವಾ?

ಹೊರಗೆ ಬಂದರೆ ಎದುರಿಗೆ ಕುದುರೆ. ಕಾಲಾ ಘೋಡಾ ಎಂಬ ಹೆಸರಿಗೆ ಕಾರಣವಾದ ಮೂರ್ತಿಯಲ್ಲಿ ಕುದುರೆಯ ಮೇಲೆ ಏಳನೇ ಎಡ್ವರ್ಡ್ ಕೂತಿದ್ದ. 1965ರಲ್ಲಿ ಅದನ್ನು ಎತ್ತಿ ಬೈಕುಲಾಕ್ಕೆ ಸಾಗಿಸಿದರು. ಜಾಗಕ್ಕೆ ಕುದುರೆಯ ಹೆಸರು ಉಳಿಯಿತು, ಕುದುರೆ ಇರಲಿಲ್ಲ. 2017ರಲ್ಲಿ ಹೊಸದೊಂದು ಕರಿ ಕುದುರೆ ತಂದು ನಿಲ್ಲಿಸಿದರು. ಈ ಸಲ ಬೆನ್ನ ಮೇಲೆ ಯಾರೂ ಇಲ್ಲ. ಶಾಲಾ ಮಕ್ಕಳ ಗುಂಪೊಂದು ಅದರ ಕೆಳಗೆ ಸೆಲ್ಫಿ ತೆಗೆಯುತ್ತಿತ್ತು.

ರಸ್ತೆ ದಾಟಿದರೆ ವಸ್ತು ಸಂಗ್ರಹಾಲಯ. ನಮ್ಮ ಕಾಲಕ್ಕೆ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಈಗ ಛತ್ರಪತಿ ಶಿವಾಜಿ ಮಹಾರಾಜ್ ಹೆಸರು. ಮುಚ್ಚಲು ಒಂದೂವರೆ ಗಂಟೆ ಇತ್ತು. ಓಡಿಕೊಂಡೇ ನೋಡಿದೆವು. ಒಂದು ಕಡೆ ಮಾತ್ರ ಕಾಲು ನಿಂತಿತು. ಐಹೊಳೆಯ ಬ್ರಹ್ಮ. ಚಾಲುಕ್ಯರ ಕಾಲದ ಹುಚ್ಚಪ್ಪಯ್ಯನ ಗುಡಿಯ ಚಾವಣಿಯ ಕಲ್ಲು. ನಮ್ಮ ಬಾಗಲಕೋಟೆ ಸೀಮೆಯ ಕಲ್ಲು ಇಲ್ಲೇಕೆ ಅಂದರೆ, ಆಗ ಆ ಸೀಮೆಯೆಲ್ಲ ಮುಂಬೈ ಪ್ರಾಂತ್ಯವೇ. 1956ರ ವರೆಗೂ ಧಾರವಾಡ, ಬಿಜಾಪುರದವರಿಗೆ ರಾಜಧಾನಿ ಈ ಊರು. ಗುಡಿಯಲ್ಲಿ ಕತ್ತೆತ್ತಿ ನೋಡಬೇಕಿದ್ದ ದೇವರು ಇಲ್ಲಿ ನೆಟ್ಟಗೆ ನಿಂತು ನಮ್ಮ ಕಣ್ಣಿನ ಮಟ್ಟಕ್ಕೆ ಇಳಿದಿದ್ದಾನೆ. ನಾನಂತೂ ಅಭ್ಯಾಸಬಲದಿಂದ ಒಂದು ಸಲ ಕತ್ತೆತ್ತಿದೆ. ಮೇಲೆ ಟ್ಯೂಬ್‌ಲೈಟ್ ಇತ್ತು.

ಭಾನುವಾರ

ಈ ದಿನ ಸ್ವಲ್ಪ ಹಾಳಾಯಿತು. ತಪ್ಪು ನನ್ನದೇ.

ಹುಡುಗಿಗೆ ರಜೆ, ಗೆಳತಿಯರ ಜೊತೆ ಅಲಿಬಾಗಿಗೆ ಹೋಗಿದ್ದಳು. ಅವಳಿಗೆ ಹೇಳದೆ ಅವಳ ಗ್ಯಾಲರಿಗೆ ಹೋಗಿ ಒಬ್ಬನೇ ನೋಡೋಣ ಎಂದು ಹೊರಟೆ. ಫೋರ್ಟ್‌ನ ಗಲ್ಲಿಗಳಲ್ಲಿ ಮುಕ್ಕಾಲು ಗಂಟೆ ಸುತ್ತಿ ಬಾಗಿಲು ಹುಡುಕಿದರೆ, ಶಟರು ಎಳೆದಿತ್ತು. ಭಾನುವಾರ ಗ್ಯಾಲರಿಗಳಿಗೆ ರಜೆ ಎಂದು ಪಕ್ಕದ ಪಾನ್‌ವಾಲಾ ಹೇಳಿದ. ಡೋಡಿಯಾ ಅಂಗಡಿ ಶಟರಿನ ಮೇಲೂ ಚಿತ್ರ ಬಿಡಿಸಿದವರು. ಅವರ ಚಿತ್ರ ನೋಡಲು ಹೋಗಿ ಬರೀ ಶಟರು ನೋಡಿ ಬಂದೆ.

ಅಲ್ಲಿಂದ ಜೆ.ಜೆ. ಕಲಾಶಾಲೆಯ ಕಡೆಗೆ ನಡೆದೆ. ಗೇಟು ಮುಚ್ಚಿತ್ತು. ಸರಳಿನ ಸಂದಿಯಿಂದ ಮರಗಳು ಕಂಡವು, ಕಲ್ಲಿನ ಕಟ್ಟಡ ಕಂಡಿತು. 1857ರಲ್ಲಿ ಶುರುವಾದ ಶಾಲೆ. ಇಲ್ಲಿಯ ಜಾನ್ ಗ್ರಿಫಿತ್ಸ್ ಎಂಬ ಮೇಷ್ಟ್ರು ವಿದ್ಯಾರ್ಥಿಗಳನ್ನು ಅಜಂತಾಕ್ಕೆ ಕರೆದುಕೊಂಡು ಹೋಗಿ, ವರ್ಷಾನುಗಟ್ಟಲೆ ಗುಹೆಯ ಚಿತ್ರಗಳ ನಕಲು ಮಾಡಿಸಿದ. ನಕಲುಗಳು ಲಂಡನ್ನಿಗೆ ಹೋದವು. 1885ರ ಬೆಂಕಿಯಲ್ಲಿ ಎಷ್ಟೋ ಸುಟ್ಟುಹೋದವು. ಮೂಲ ಇನ್ನೂ ಗುಹೆಯಲ್ಲೇ ಇದೆ. ನಮ್ಮ ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೃಷ್ಣ ಹೆಬ್ಬಾರರು ಕಲಿತದ್ದೂ, ಆಮೇಲೆ ಕಲಿಸಿದ್ದೂ ಇದೇ ಶಾಲೆಯಲ್ಲಿ. 1911ರಲ್ಲಿ ಹುಟ್ಟಿದವರು. ಅವರ ಯಕ್ಷಗಾನದ ಗೆರೆಗಳನ್ನು ಬೆಂಗಳೂರಿನಲ್ಲಿ ನೋಡಿದ್ದೆ. ಒಂದೇ ಎಳೆತದಲ್ಲಿ ಕುಣಿತ. ನಾನು ಅದನ್ನೇ ಕರಿಹಲಗೆಯ ಮೇಲೆ ಹತ್ತಾರು ಸಲ ಪ್ರಯತ್ನಿಸಿ ಕೈಬಿಟ್ಟೆ. ಡೋಡಿಯಾ ಕೂಡ ಇಲ್ಲಿಯವರೇ, 1982ರಲ್ಲಿ ಪದವಿ ಪಡೆದವರು. ಆ ವರ್ಷದ ಕತೆ ಸಂಜೆ ಮಾವನ ಬಾಯಲ್ಲಿ ಬೇರೆಯೇ ತರ ಬಂತು.

ಭಾನುವಾರ ಸಂಜೆ ಹೋಟೆಲಿನಲ್ಲಿ ಗಿರಾಕಿ ಕಡಿಮೆ. ಮಾವ ಗಲ್ಲಾದ ಪಕ್ಕ ನನಗೊಂದು ಸ್ಟೂಲು ಹಾಕಿಸಿದರು. ಬೆಳಗ್ಗೆ ಶಟರು ನೋಡಿ ವಾಪಸ್ ಬಂದ ಕತೆ ಹೇಳಿದೆ. ಜೋರು ನಕ್ಕರು. ಆಮೇಲೆ ಅವರ ಶಟರಿನ ಕತೆ ಶುರುವಾಯಿತು.

ಅವರು ಬಂದದ್ದು 1978ರಲ್ಲಿ, ಹದಿನಾಲ್ಕನೇ ವಯಸ್ಸಿಗೆ. ಹಗಲು ಬಸಿ ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಆಗ ಈ ಬೀದಿಯ ಗಂಟೆ ಅಂದರೆ ಬಟ್ಟೆ ಗಿರಣಿಯ ಭೋಂಗಾ, ಸೈರನ್ನು. ಪಾಳಿ ಬಿಟ್ಟಾಗ ಒಮ್ಮೆಲೇ ನೂರು ಜನ ನುಗ್ಗುತ್ತಿದ್ದರು. ಎಲ್ಲರೂ ಉದ್ರಿ. ತಿಂಗಳ ಏಳನೇ ತಾರೀಕು ಲೆಕ್ಕ ಚುಕ್ತಾ. 1982ರ ಜನವರಿ 18ಕ್ಕೆ ಮುಷ್ಕರ ಶುರುವಾಯಿತು. ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ. ಸುಮಾರು 2.5 ಲಕ್ಷ ಗಿರಣಿ ಕೆಲಸಗಾರರು. ಮೊದಲ ತಿಂಗಳು ಎಲ್ಲರೂ ಬಂದು ಚಾ ಕುಡಿದರು, ಬರೆಸಿದರು. ಎರಡನೇ ತಿಂಗಳು ಚಾ ಕಟಿಂಗ್ ಆಯಿತು, ಅಂದರೆ ಅರ್ಧ ಲೋಟ. ಆಮೇಲೆ ಒಬ್ಬೊಬ್ಬರಾಗಿ ಊರಿಗೆ ಹೋದರು, ಕೊಂಕಣಕ್ಕೆ, ಸಾತಾರಾಕ್ಕೆ. ಮುಷ್ಕರ ಮುಗಿಯಿತು ಎಂದು ಯಾರೂ ಹೇಳಲಿಲ್ಲ. ಸುಮ್ನೆ ಭೋಂಗಾ ನಿಂತಿತು. ಆಗಿನ ಮಾಲಕರು ಉದ್ರಿ ಪುಸ್ತಕವನ್ನು ಎಷ್ಟೋ ವರ್ಷ ಗಲ್ಲಾದಲ್ಲೇ ಇಟ್ಟಿದ್ದರಂತೆ.

"ಯಾರಾದ್ರೂ ಬಂದ್ ಕೊಟ್ರಾ?" ಎಂದು ಕೇಳಿದೆ.

"ಒಬ್ಬ ಬಂದ. ಹದ್ನೆಂಟ್ ರೂಪಾಯಿ. ಮಾಲಕರು ತಕಂಬುಕೆ ಇಲ್ಲೆ" ಅಂದರು. ಅಂದರೆ ತೆಗೆದುಕೊಳ್ಳಲಿಲ್ಲ.

ಬಂದ್ ದಿನಗಳ ಶಟರಿನ ಶಾಸ್ತ್ರವೇ ಬೇರೆ. ಸಾದಾ ಬಂದ್ ಆದರೆ ಅರ್ಧ ಶಟರು. ಗಿರಾಕಿ ಬಗ್ಗಿ ಒಳಗೆ ಬರುತ್ತಾನೆ, ತಿಂದು ಬಗ್ಗಿ ಹೋಗುತ್ತಾನೆ. ದೂರದಲ್ಲಿ ಗಲಾಟೆ ಕೇಳಿದರೆ ಮೊಣಕಾಲಿನ ಮಟ್ಟ. ಕಲ್ಲು ಬಿದ್ದರೆ ಪೂರ್ತಿ. ಒಬ್ಬ ಹುಡುಗ ಕೊಕ್ಕೆಕೋಲು ಹಿಡಿದು ಬಾಗಿಲಲ್ಲೇ ನಿಂತಿರಬೇಕು. 1992ರ ಡಿಸೆಂಬರಿನಲ್ಲಿ ಮತ್ತು ಮುಂದಿನ ಜನವರಿಯಲ್ಲಿ, ಕೋಮುಗಲಭೆಯ ಹೊತ್ತಿಗೆ, ಶಟರು ದಿನಗಟ್ಟಲೆ ಏಳಲಿಲ್ಲ. ನನ್ನ ಕಾಫಿ ಲೋಟಕ್ಕೆ ಕಲ್ಲು ಬಿದ್ದದ್ದು ಆಗಲೇ. ಸಿಮೆಂಟಿನ ಜಾಹೀರಾತಿನ ಮೇಲೆ ಕೈಯಾಡಿಸಿದರೆ ಇವತ್ತಿಗೂ ಆ ತಗ್ಗು ಸಿಗುತ್ತದೆ. ನಾನೇ ಮುಟ್ಟಿ ನೋಡಿದೆ. ಎರಡು ಹೆಬ್ಬೆರಳು ಹಿಡಿಯುವಷ್ಟು.

"ಹುಡ್ಗ್ರೆಲ್ಲ ಎಲ್ಲಿದ್ರು?"

"ಒಳ್ಗೇ. ಎಲ್ಲಿಗ್ ಹೋಪ್ದ್?"

ಅಷ್ಟರಲ್ಲಿ ಒಬ್ಬ ಗಿರಾಕಿ "ಅಣ್ಣಾ, ಏಕ್ ಕಟಿಂಗ್" ಎಂದ. ಕತೆ ನಿಂತಿತು.

ಸೋಮವಾರ

ಬೆಳಗ್ಗೆ ಬೈಕುಲಾ. ಚಿಂಚ್‌ಪೋಕಳಿ ಬಿಟ್ಟರೆ ಮುಂದಿನ ಸ್ಟೇಷನ್ನು. ಸೋಮವಾರ ಮ್ಯೂಸಿಯಂಗಳಿಗೆ ರಜೆ ಎಂದು ನಾನು ನಂಬಿದ್ದೆ. ಭಾವು ದಾಜಿ ಲಾಡ್ ಮ್ಯೂಸಿಯಂಗೆ ರಜೆ ಬುಧವಾರವಂತೆ. ಈ ಸಲ ಕೇಳಿಕೊಂಡೇ ಹೋದೆ. 1872ರದ್ದು, ಮುಂಬೈಯ ಅತಿ ಹಳೇ ಮ್ಯೂಸಿಯಂ. ಒಳಗೆ ಮಣ್ಣಿನ ಸಣ್ಣ ಸಣ್ಣ ಗೊಂಬೆಗಳಿವೆ. ಊರಿನ ಒಂದೊಂದು ಜಾತಿ, ಒಂದೊಂದು ಕಸುಬು, ಒಂದೊಂದು ಪೇಟ. ನಮ್ಮನ್ನು ಆಳಿದವರು ನಮ್ಮನ್ನು ಎಣಿಸಿ ಗಾಜಿನೊಳಗೆ ಇಟ್ಟ ಹಾಗೆ. ಹೊರಗೆ ಕಲ್ಲಾನೆ. ಘಾರಾಪುರಿ ದ್ವೀಪಕ್ಕೆ ಪೋರ್ಚುಗೀಸರು ಎಲಿಫಂಟಾ ಎಂದು ಹೆಸರಿಟ್ಟದ್ದು ಇದನ್ನು ನೋಡಿಯೇ. ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ತುಂಡಾಯಿತು. ತುಂಡು ಜೋಡಿಸಿ ಇಲ್ಲಿ ನಿಲ್ಲಿಸಿದ್ದಾರೆ. ಕಾಲಾ ಘೋಡಾದಿಂದ ಬಂದ ಎಡ್ವರ್ಡನೂ ಇದೇ ಉದ್ಯಾನದಲ್ಲಿದ್ದಾನೆ, ಕುದುರೆ ಸಮೇತ. ಪಕ್ಕದಲ್ಲೇ ಪ್ರಾಣಿ ಸಂಗ್ರಹಾಲಯ. ಬಂದ ಮಕ್ಕಳೆಲ್ಲ ಪೆಂಗ್ವಿನ್ ನೋಡಲು ಓಡುತ್ತಿದ್ದವು. ರಾಜನ ಕಡೆ ಒಬ್ಬರೂ ತಿರುಗಲಿಲ್ಲ.

ಅಲ್ಲಿಂದ ಫೋರ್ಟಿಗೆ ಟ್ಯಾಕ್ಸಿ. ಡ್ರೈವರ್ ಮೇಲ್ಸೇತುವೆ ಹತ್ತಲು ಹೊರಟ. ಕೆಳಗಿನಿಂದಲೇ ಹೋಗಪ್ಪ, ಮೊಹಮ್ಮದ್ ಅಲಿ ರೋಡಿನಲ್ಲಿ, ಅಂದೆ. ನನ್ನನ್ನು ಹುಚ್ಚನಂತೆ ನೋಡಿದ. ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ಜಾಸ್ತಿ ಆಯಿತು, ನಿಜ. ಆದರೆ ಚಿತ್ರಗಾರ ತೈಯಬ್ ಮೆಹ್ತಾ ಇದ್ದ ಬೀದಿ ಇದು. 1947ರ ಗಲಭೆಯಲ್ಲಿ ತಮ್ಮ ಮನೆಯ ಕಿಟಕಿಯಿಂದ, ಕೆಳಗೆ ಒಬ್ಬ ಯುವಕನನ್ನು ಗುಂಪೊಂದು ಕೊಂದದ್ದನ್ನು ನೋಡಿದರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಅವರು ಆ ಬೀದಿಯನ್ನು, ಆ ಗುಂಪನ್ನು ಇದ್ದ ಹಾಗೇ ಬಿಡಿಸುತ್ತ ಕೂರಲಿಲ್ಲ. ಕಾಲು ಕಟ್ಟಿದ ಎತ್ತು ಬಿಡಿಸಿದರು, ಬೀಳುತ್ತಿರುವ ಮನುಷ್ಯನನ್ನು ಬಿಡಿಸಿದರು. ಎಷ್ಟೋ ವರ್ಷದ ಮೇಲೆ ಕಾಳಿ, ಮಹಿಷಾಸುರ. ನಮ್ಮ ಯಕ್ಷಗಾನದ ಮಹಿಷಾಸುರ ಕೊಂಬು ಕಟ್ಟಿಕೊಂಡು, ದೊಂದಿಯ ಬೆಂಕಿಯ ನಡುವೆ, ಜನರ ಮಧ್ಯದಿಂದ ಆರ್ಭಟಿಸುತ್ತ ಬರುತ್ತಾನೆ. ಮೆಹ್ತಾ ಅವರ ಮಹಿಷಾಸುರ ದೇವಿಯ ಮೈಗೆ ಹೆಣೆದುಕೊಂಡು ಬಿಟ್ಟಿದ್ದಾನೆ. ಯಾವ ಕೈ ಯಾರದು ಎಂದು ಹುಡುಕಬೇಕು. 2005ರಲ್ಲಿ ಅಂಥ ಒಂದು ಚಿತ್ರ 15 ಲಕ್ಷ ಡಾಲರಿಗೂ ಮೇಲೆ ಹೋದಾಗ ಪೇಪರಿನಲ್ಲಿ ಬರೀ ದುಡ್ಡಿನ ಸುದ್ದಿ ಬಂತು. ಕಿಟಕಿಯ ಸುದ್ದಿ ನನಗೆ ಗೊತ್ತಾದದ್ದು ಆಮೇಲೆ. ಈಗ ಟ್ಯಾಕ್ಸಿಯಲ್ಲಿ ಕೂತು ಮೇಲೆ ನೋಡಿದರೆ ಕಿಟಕಿಗಳೇ ಕಿಟಕಿಗಳು. ಕೆಲವದರಲ್ಲಿ ಬಟ್ಟೆ ಒಣಗುತ್ತಿತ್ತು. ಮೇಲ್ಸೇತುವೆ ಎರಡನೇ ಮಹಡಿಗೆ ಅಂಟಿಕೊಂಡೇ ಹೋಗುತ್ತದೆ.

ಗ್ಯಾಲರಿ ತೆರೆದಿತ್ತು. ಗೋಡೆಯಲ್ಲಿ ಬೇರೆಯವರ ಚಿತ್ರ. ಹುಡುಗಿ ಒಳಗಿನ ಕೋಣೆಯಲ್ಲಿ ಒಂದು ಕುರ್ಚಿ ಹಾಕಿ, ಮೇಜಿನ ಮೇಲೆ ದಪ್ಪ ಪುಸ್ತಕ ಇಟ್ಟಳು. "ಸರ್, ಕೈ ಒದ್ದೆ ಇಲ್ಲ ಅಲ್ವಾ?" ಎಂದು ಕೇಳಿದಳು. ಒಂದು ಕಾಲದಲ್ಲಿ ಇದನ್ನು ನಾನು ಅವಳಿಗೆ ಕೇಳುತ್ತಿದ್ದೆ.

ಮೊದಲು ನೋಡಿದ್ದು ಗಾಂಧಿ. ಜಲವರ್ಣ. ಉಪ್ಪಿನ ಕಾನೂನು ಮುರಿಯುವ ಮೊದಲಿನ ಸಮುದ್ರ ಸ್ನಾನ. 1930ರ ಏಪ್ರಿಲ್ 6, ದಂಡಿ. ನಮ್ಮ ಪಾಠದ ಪುಸ್ತಕದಲ್ಲಿ ಆ ದಿನ ಶುರುವಾಗುವುದೇ ಹಿಡಿ ಉಪ್ಪು ಎತ್ತುವಲ್ಲಿಂದ. ಮಕ್ಕಳಿಗೆ ನಾನು ಬಿಡಿಸಿಕೊಟ್ಟದ್ದೂ ಅದೇ, ಬಗ್ಗಿದ ಬೆನ್ನು, ಮುಷ್ಟಿ. ಈ ಚಿತ್ರಗಾರ ಅದಕ್ಕಿಂತ ಸ್ವಲ್ಪ ಹೊತ್ತು ಮುಂಚೆ ಹೋಗಿ ನಿಂತಿದ್ದಾರೆ. ಆ ಹೊತ್ತಿಗೆ ಗಾಂಧಿ ಇನ್ನೂ ಏನೂ ಮಾಡಿಲ್ಲ. ಒಬ್ಬ ಅರವತ್ತು ದಾಟಿದ ಮುದುಕ ಸಮುದ್ರದಲ್ಲಿ ಮೀಯುತ್ತಿದ್ದಾನೆ, ಅಷ್ಟೆ. ನಾನು ಕಡಲ ಬದಿಯವನು. ಕೆಲಸಕ್ಕೆ ಇಳಿಯುವ ಮೊದಲು ನೀರಿಗೆ ಕೈ ಮುಗಿಯುವವರನ್ನು ದಿನಾ ನೋಡಿದವನು. ಇದೇಕೆ ನನಗೆ ಹೊಳೆಯಲಿಲ್ಲ?

ಆಮೇಲೆ ಶಟರುಗಳು. 2000ದ ಆಚೀಚೆಗೆ ಶುರು ಮಾಡಿದ್ದು. 2001ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ವರೆಗೂ ಹೋದವು. ಅಂಗಡಿಗೆ ಹಾಕುವ ನಿಜವಾದ ಕಬ್ಬಿಣದ ಶಟರು, ಅದರ ಮೇಲೆ ಎನಾಮೆಲ್ ಪೇಂಟು. ಶಟರು ಎತ್ತಿದರೆ ಹಿಂದೆ ಇನ್ನೊಂದು ಚಿತ್ರ. ಒಂದರ ಹೆಸರು ಮಹಾಲಕ್ಷ್ಮಿ. ಹೊರಗೆ ದೇವಿ, ನಮ್ಮ ಗಲ್ಲಾಗಳ ಮೇಲೆ ಇರುವ ಕ್ಯಾಲೆಂಡರ್ ದೇವಿಯ ಕುಲದವಳೇ. ಹುಡುಗಿ ಪುಟ ತಿರುಗಿಸಿದಳು. ಶಟರು ಎತ್ತಿದಾಗ ಕಾಣುವ ಚಿತ್ರ. ನೇಣಿಗೆ ತೂಗುತ್ತಿರುವ ಮೂವರು ಹುಡುಗಿಯರು. ಅಕ್ಕತಂಗಿಯರು. ವರದಕ್ಷಿಣೆ ಹೊಂದಿಸಲಾಗದ ಮನೆಯ ಮಕ್ಕಳು, ನಿಜವಾಗಿ ನಡೆದದ್ದು.

ನಾನು ಪುಟವನ್ನು ಹಿಂದಕ್ಕೆ ತಿರುಗಿಸಿದೆ. ದೇವಿ. ಮುಂದಕ್ಕೆ ತಿರುಗಿಸಿದೆ. ಎಷ್ಟು ಸಲ ಹಾಗೆ ಮಾಡಿದೆನೋ. ಕೊನೆಗೆ ಹುಡುಗಿಯೇ ಚಾ ತಂದು ಪುಸ್ತಕದಿಂದ ದೂರ ಇಟ್ಟಳು.

ಸಂಜೆ ಅವಳ ಜೊತೆ ಘಾಟ್‌ಕೋಪರ್. ಡೋಡಿಯಾ 1959ರಲ್ಲಿ ಹುಟ್ಟಿದ್ದು ಇಲ್ಲಿ, ಗುಜರಾತಿ ಮನೆಯಲ್ಲಿ. ಕೆಲಸ ಮಾಡುವುದೂ ಇದೇ ಊರಿನಲ್ಲಿ. ಬಾಗಿಲು ತಟ್ಟುವ ಯೋಚನೆ ನಮಗಿರಲಿಲ್ಲ. ಸುಮ್ನೆ ಬೀದಿ ನೋಡಬೇಕಿತ್ತು. ರಾಜಾ ರವಿವರ್ಮನ ಪ್ರೆಸ್ಸು ಕೂಡ ಒಂದು ಕಾಲಕ್ಕೆ ಘಾಟ್‌ಕೋಪರಿನಲ್ಲಿತ್ತು, ಆಮೇಲೆ ಲೋಣಾವಳದ ಹತ್ತಿರ ಮಳವಲಿಗೆ ಹೋಯಿತು. 1894ರಲ್ಲಿ ಶುರುವಾದ ಆ ಪ್ರೆಸ್ಸಿನಿಂದಲೇ ಆನೆಯ ಪಕ್ಕ ತಾವರೆ ಮೇಲೆ ನಿಂತ ಲಕ್ಷ್ಮಿ ದೇಶದ ಮನೆಮನೆಗೆ ಹೋದದ್ದು. ಮಾವನ ಗಲ್ಲಾದ ಹಿಂದಿನವಳು ಆಕೆಯ ಮೊಮ್ಮಗಳೋ ಮರಿಮಗಳೋ ಇರಬೇಕು. ಗಲ್ಲಿಯಲ್ಲಿ ಫರಸಾಣ ತಿನ್ನುತ್ತ ನಿಂತೆವು. ಒಂಬತ್ತೂವರೆಗೆ ಅಂಗಡಿಗಳು ಒಂದೊಂದಾಗಿ ಮುಚ್ಚತೊಡಗಿದವು. ಘರ್ರ್, ಘರ್ರ್. ಬಣ್ಣ ಮಾಸಿದ ಶಟರುಗಳು. ಒಬ್ಬಾತ ಕೆಳಗೆ ಎಳೆದು, ಬೀಗ ಹಾಕಿ, ಬೀಗ ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ರಾತ್ರಿ ಫೋನಿನಲ್ಲಿ ತೆಗೆದಿದ್ದ ಫೋಟೋಗಳನ್ನು ಮಾವನಿಗೆ ತೋರಿಸಿದೆ. ಗಾಂಧಿಯನ್ನು ನೋಡಿ "ಹ್ಞಾಂ, ಗಾಂಧಿ" ಅಂದು ಮುಂದೆ ಹೋದರು. ಶಟರು ಬಂದಾಗ ಕನ್ನಡಕ ಹುಡುಕಿದರು.

"ಇದ್ ಮೇಲೆ ಎತ್ತಿರೆ ಒಳ್ಗೆ ಇನ್ನೊಂದ್ ಚಿತ್ರವಾ?"

ಹೌದು ಎಂದು ಎರಡನೆಯದನ್ನು ತೋರಿಸಿದೆ. ಮಾವ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು. ಅವರಿಗೂ ಮೂವರು ಹೆಣ್ಣುಮಕ್ಕಳು. ಮೂವರ ಮದುವೆಯೂ ಈ ಗಲ್ಲಾದಿಂದಲೇ ಆದದ್ದು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

"ನಾಳೆ ನಾಕ್ ಗಂಟಿಗ್ ಏಳ್" ಅಂದರು. "ಶಟರ್ ತೆಗುಕ್ ಮುಂಚೆ ಬಾ."

ಮಂಗಳವಾರ

ನಾಲ್ಕಕ್ಕೆ ಎದ್ದೆ. ಮಾವ ಅಟ್ಟದಿಂದ ಇಳಿದು ಹಿಂಬಾಗಿಲಿನಿಂದ ಹೋಟೆಲಿನ ಒಳಗೆ ಕರೆದುಕೊಂಡು ಹೋದರು. ಭಟ್ಟರು ಆಗಲೇ ಸಾಂಬಾರಿಗೆ ಬೇಳೆ ಇಟ್ಟಿದ್ದರು. ಮುಂದಿನ ಶಟರು ಪೂರ್ತಿ ಕೆಳಗಿತ್ತು. ಮಾವ ಒಂದು ಮೇಜು ಸರಿಸಿ, ಬ್ಯಾಟರಿ ಹಾಕಿದರು.

ಶಟರಿನ ಒಳಮೈ. ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಗಿರಾಕಿ ಇರುವಾಗ ಅದು ಮೇಲೆ ಸುತ್ತಿಕೊಂಡಿರುತ್ತದೆ. ಹೊರಗೆ ಎಷ್ಟು ಸಲ ಬಣ್ಣ ಬಂದಿದೆಯೋ, ಒಳಗೆ ಮಾತ್ರ ಹಳೇ ರೆಡ್ ಆಕ್ಸೈಡ್, ಒಣಗಿದ ರಕ್ತದ ಬಣ್ಣ. ಅದರ ಮೇಲೆ ಮೊಳೆಯಿಂದ ಗೀಚಿದ ಗೆರೆಗಳು. ಕನ್ನಡ ಅಂಕೆಯಲ್ಲಿ ಹಾಲಿನ ಲೆಕ್ಕ. ಪಕ್ಕದಲ್ಲಿ ಉದ್ದುದ್ದ ಗೀಟು, ಐದೈದರ ಎರಡು ಕಟ್ಟು, ಮತ್ತೊಂದು. ಹನ್ನೊಂದು ದಿನ.

"ಜನವರಿಯದ್. ತೊಂಬತ್ಮೂರ್" ಅಂದರು ಮಾವ.

ಬ್ಯಾಟರಿಯನ್ನು ಸ್ವಲ್ಪ ಮೇಲಕ್ಕೆ ಹಿಡಿದರು. ಕೇದಗೆ ಮುಂದಲೆ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಪುಂಡುವೇಷದ ಮುಂಡಾಸು, ಪಟ್ಟಿಯಿಂದ ಪಟ್ಟಿಗೆ ಹಾರಿಕೊಂಡು ಹೋದ ಗೆರೆ. ಎಲ್ಲೂ ಎಡವಿಲ್ಲ. ಪಟ್ಟಿಯ ಉಬ್ಬು ಬಂದಲ್ಲೆಲ್ಲ ಅದನ್ನೇ ಜರಿಯ ಅಂಚು ಮಾಡಿಕೊಂಡಿದ್ದ. ಕೆಳಗೆ ಎರಡು ಕಣ್ಣು, ಹುಬ್ಬು, ನಾಮ. ಮೂಗು ಬಾಯಿ ಇಲ್ಲ.

"ಯಾರು ಮಾವ?"

"ಮರವಂತೆ ಬದಿಯ ಮಾಣಿ. ಬಸಿ ತೊಳಿತಿದ್ದ. ಹೊರ್ಗೆ ಹೋಪುಕಿಲ್ಲೆ, ಇದನ್ನೇ ಗೀಚ್ತಾ ಕೂತಿದ್ದ. ಮಾರ್ಚಲ್ಲಿ ಬಾಂಬ್ ಆಯ್ತಲ್ಲ, ಅದ್ರ ಮಾರ್ನೆ ವಾರ ಊರಿಗ್ ಹೋದ. ಮತ್ತ್ ಬರ್ಲಿಲ್ಲೆ."

ಬಣ್ಣದವರು ಬಂದಾಗಲೆಲ್ಲ ಮಾವ ಹೊರಗಡೆ ಮಾತ್ರ ಮಾಡಿಸುತ್ತಾರಂತೆ. ನಾನು ಫೋನು ತೆಗೆದೆ. ಬ್ಯಾಟರಿ ಬೆಳಕಿನಲ್ಲಿ ಫೋಟೋ ಸರಿ ಬರಲಿಲ್ಲ, ಬರೀ ಹೊಳಪು. ಚೀಲದಿಂದ ಪೆನ್ಸಿಲ್ ತಂದು ಬಿಲ್ ಪುಸ್ತಕದ ಹಿಂದೆ ನಕಲು ಮಾಡಲು ಕೂತೆ. ಮುಂದಲೆಯ ಬಾಗು ಮೂರು ಸಲ ತಪ್ಪಿತು.

ಹೊರಗಿನಿಂದ ಯಾರೋ ಶಟರಿಗೆ ಎರಡು ಸಲ ಬಡಿದರು. ಹಾಲಿನವ.

ಮಾವ ಎರಡೂ ಕಡೆಯ ಬೀಗ ತೆಗೆದು, ಬಗ್ಗಿ, ಒಂದೇ ಎಳೆತಕ್ಕೆ ಎತ್ತಿದರು. ಮುಂಡಾಸಿನ ತುದಿ ಮೊದಲು ಸುರುಳಿಯೊಳಗೆ ಹೋಯಿತು. ಆಮೇಲೆ ಜರಿ, ಹುಬ್ಬು, ಕಣ್ಣು. ಕೊನೆಗೆ ಹನ್ನೊಂದು ಗೀಟು. ಬೀದಿಯಲ್ಲಿ ಇನ್ನೂ ಕತ್ತಲೆಯಿತ್ತು. ಹಾಲಿನವನು ಕ್ರೇಟು ಇಳಿಸಿ, ಕೈಗೆ ಬಾಯಿಂದ ಬಿಸಿ ಊದಿಕೊಳ್ಳುತ್ತ, ಲೆಕ್ಕ ಬರೆದುಕೊಳ್ಳಿ ಅಂದ.